ಅಂಕಮ್ಮನ ಗ್ಲೌಸು

ಬಿಳಿಗೆರೆ ಬಸ್ಸು ಇನ್ನೂ ಹೊರಟಿರಲಿಲ್ಲ. ರಬ್ಬರ್ ಗ್ಲೌಸು ತೊಟ್ಟ ಹೆಂಗಸೊಬ್ಬಳು ಪಕ್ಕದಲ್ಲಿ ಬಂದು ಕೂತಾಗ ರೇವಮ್ಮ ಸೆರಗು ತಾಗದಂತೆ ಎಳೆದುಕೊಂಡು ಕಿಟಕಿಯತ್ತ ಸರಿದಳು. ಹಿಂದೆಯೇ ಸರ್ಕಾರಿ ಆಸ್ಪತ್ರೆ ಗುಡಿಸುವ ಕಂಟ್ರಾಕ್ಟಿನ ಮೇಸ್ತ್ರಿ ಉಗ್ರಪ್ಪ ಹತ್ತಿದ.

“ಅಂಕಮ್ಮ, ಗ್ಲೌಸು ಬಿಚ್ಚು. ಲೇಬರ್ ಇನ್ಸ್‌ಪೆಕ್ಟ್ರು ನೋಡ್ಕಂಡು ಹೋಗಾಯ್ತು.”

“ಅವ್ರು ಹೋದ್ರೆ ವಾರ್ಡಿನ ಹೇಲೂ ಹೋಯ್ತಾ?”

“ತೋರ್ಸಾಕೆ ಕೊಟ್ಟಿದ್ದು ಕಣಮ್ಮ, ಇಟ್ಕಳಾಕಲ್ಲ.”

“ನಮ್ಗೆ ಕೊಡ್ಬೇಕು ಅಂತ ಕಂಟ್ರಾಕ್ಟಿನ ಕಾಗ್ದದಲ್ಲೇ ಐತಂತೆ. ಇನ್ಸ್‌ಪೆಕ್ಟ್ರೇ ಓದಿ ಹೇಳುದ್ರು.”

“ಇಷ್ಟು ವರ್ಸ ಬರಿಗೈಲಿ ಗುಡಿಸ್ಲಿಲ್ವಾ? ಈಗೇನು ದೊರೆಸಾನಿ ಆಗ್ಬುಟ್ಯಾ?”

“ಗುಡ್ಸಿದ್ಕೇ ಸೂಜಿ ಚುಚ್ಚಿ, ಕೀವು ತುಂಬಿ, ಎರಡು ಬೆರಳು ಸೆಟ್ಕಂಡವೆ.”

“ನಾಳೆಯಿಂದ ಕೆಲ್ಸುಕ್ಕೆ ಬರ್ಬೇಡ!”

“ಬರಾಕಿಲ್ಲ ಬುಡಿ. ಹೇಲಿನ ಬಕೇಟು ನೀವೇ ಹೊರ್ರಿ.”

“ಬಾಯಿ ಮುಚ್ಕಂಡು ಬಿಚ್ಚೇ ಅಂದ್ರೆ!”

ಅಂಕಮ್ಮ ಎರಡೂ ಕೈಗಳನ್ನು ಅವನ ಮೂಗಿನ ಮುಂದೆ ಚಾಚಿದಳು.

“ತಗಳಿ. ನೀವೇ ಮುಟ್ಟಿ ಬಿಚ್ಕಳಿ.”

ಬಸ್ಸೆಲ್ಲ ಅವನನ್ನೇ ನೋಡುತ್ತಿತ್ತು. ಉಗ್ರಪ್ಪ ಆ ಕೈಗಳನ್ನು ನೋಡಿದ, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಥೂ!” ಎಂದು ಉಗಿದು ಇಳಿದುಹೋದ.

ಬಿಳಿಗೆರೆಯಲ್ಲಿ ಅಂಕಮ್ಮ ಗ್ಲೌಸು ತೊಟ್ಟೇ ಇಳಿದಳು. ಅಲ್ಲಿಯವರೆಗೂ ತಾನು ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಕೂತಿದ್ದುದು ರೇವಮ್ಮನಿಗೆ ಆಮೇಲೆ ಗೊತ್ತಾಯಿತು.