ಹಬ್ಬದ ದಿನ ಒಂದು ಕನ್ನಡ ವಚನ

ರಾಟರ್‌ಡ್ಯಾಮಿನ ಟ್ರಾಮ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ ಸೊಸೆಯರ ಮಾತು ಇದು.

"ಅತ್ತೆ, ಪೆಂತೆಕೊಸ್ತ ಹಬ್ಬಕ್ಕೆ ನಮ್ಮ ಚರ್ಚಲ್ಲಿ ಒಬ್ಬೊಬ್ಬರು ಅವರವರ ಭಾಷೇಲಿ ಬೈಬಲಿನ ಒಂದು ವಚನ ಓದ್ತಾರೆ. ಕನ್ನಡಕ್ಕೆ ನಿಮ್ಮ ಹೆಸರು ಕೊಟ್ಟಿದೀನಿ."

"ಅಯ್ಯೋ! ಇಂಗ್ಲಿಷ್ ಹಡಗಿನವರಿಗೆ ಅಂತ ಕಟ್ಟಿದ ಚರ್ಚಲ್ಲಿ ಕನ್ನಡಾನ?"

"ಈಗ ಅಲ್ಲಿ ಇಪ್ಪತ್ತು ದೇಶದವರಿದಾರೆ. ಮೊನ್ನೆ ಶನಿವಾರ ಅವರ ಜೊತೆ ನಿಂತು ಬಡವರಿಗೆ ಸೂಪ್ ಬಡಿಸಿದ್ರಲ್ಲ?"

"ಸೌಟು ಹಿಡಿಯೋಕೆ ಏನ್ ಭಯ? ಓದೋವಾಗ ತಪ್ಪಿದ್ರೆ?"

"ಕನ್ನಡ ಯಾರಿಗೂ ಬರಲ್ಲ, ಗೊತ್ತಾಗಲ್ಲ."

"ದೇವರಿಗೆ ಬರುತ್ತಲ್ಲೇ!"

ಸೊಸೆ ನಕ್ಕಳು. ಅತ್ತೆ ಕಣ್ಣು ಮುಚ್ಚಿ, ಬಾಯಿಪಾಠವಿದ್ದ ವಚನವನ್ನು ರಾಗವಾಗಿ ಹೇಳಿದರು. ನಿಲ್ಲಿಸದೆ ಮುಂದಿನದಕ್ಕೂ ಹೋದರು. ಟ್ರಾಮ್ ಬಂತು.

"ಅತ್ತೆ, ಒಂದೇ ವಚನ!"

"ಒಂದಕ್ಕೆ ಬಾಯಿ ನಿಲ್ಲಲ್ಲ ಕಣೇ. ನಮ್ಮತ್ತೆ ಇಡೀ ಅಧ್ಯಾಯ ಓದ್ತಾರೆ ಅಂತ ಚರ್ಚಿನ ಅಯ್ಯನವರಿಗೆ ಹೇಳಿಬಿಡು" ಎನ್ನುತ್ತ ಅವರೇ ಮೊದಲು ಹತ್ತಿದರು.