ಮೈದಾನದಲ್ಲಿ ಬಿದ್ದ ವಿಮಾನದ ಬಗ್ಗೆ ನನ್ನ ಎರಡನೇ ಹೇಳಿಕೆ

ನಾನು, ವಯಸ್ಸು ಇಪ್ಪತ್ತಮೂರು, ಕೆಲಸ ಝೆರಾಕ್ಸ್ ಅಂಗಡಿಯಲ್ಲಿ ಮಷೀನು ನಡೆಸುವುದು, ವಾಸ ಮೈದಾನದ ಹಿಂದಿನ ಸಾಲುಮನೆಗಳಲ್ಲಿ ಕೊನೆಯದರಲ್ಲಿ, ಅಕ್ಕ ಮತ್ತು ಭಾವನ ಜೊತೆ. ಬೀದಿಯವರು ನನ್ನನ್ನು ‘ಕರಪತ್ರ’ ಎಂದು ಕರೆಯುತ್ತಾರೆ. ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಭಾನುವಾರ ಸಂಜೆ ನಾನು ಇಲ್ಲಿ ಕೊಟ್ಟ ದೂರು ಸುಳ್ಳು. ಆ ದೂರಿನ ಮೇಲೆ ಲಾಕಪ್ಪಿನಲ್ಲಿ ಕೂತಿರುವ ವಾಚ್‌ಮನ್ ನಮ್ಮ ವಿಮಾನಕ್ಕೆ ಕಲ್ಲು ಹೊಡೆದಿಲ್ಲ. ವಿಮಾನ ಬಿದ್ದದ್ದು ನನ್ನಿಂದ. ಇದನ್ನು ನಾನೇ ಬರೆಯುತ್ತೇನೆಂದು ಕೇಳಿಕೊಂಡಾಗ ಹೆಡ್ ಕಾನ್‌ಸ್ಟೇಬಲ್ ಅವರು, “ಬರಿ. ಆದ್ರೆ ಭಾಷಣ ಬೇಡ, ನಡೆದಿದ್ದಷ್ಟು ಬರಿ” ಎಂದು ಕಾಗದ ಕೊಟ್ಟಿದ್ದಾರೆ.

ನನ್ನ ಭಾವ ಬಸ್ ಡ್ರೈವರ್. ವಿಮಾನದ ಹುಚ್ಚಿದ್ದರೂ ಇದುವರೆಗೆ ಒಂದನ್ನೂ ಹತ್ತಿದವರಲ್ಲ, ಆದ್ದರಿಂದಲೇ ಡಿಪೋದಲ್ಲಿ ಅವರನ್ನು ಪೈಲಟ್ ಎಂದು ಕರೆಯುತ್ತಾರೆ. ರಿಮೋಟಿನಿಂದ ಹಾರಿಸುವ ವಿಮಾನದ ಕಿಟ್ ಒಂದನ್ನು ಅವರು ಕಳೆದ ವರ್ಷ ತರಿಸಿಕೊಂಡರು. ಅದರೊಳಗೆ ವಿಮಾನವೇನೂ ಇರಲಿಲ್ಲ. ಬಾಲ್ಸಾ ಎಂಬ ಮರದ ತೆಳು ಹಲಗೆಗಳು, ಕಡ್ಡಿಗಳು ಮತ್ತು ಮಂಚದಷ್ಟು ಉದ್ದದ ಒಂದು ನಕ್ಷೆ ಇದ್ದವು. ಆ ಮರ ಎಷ್ಟು ಹಗುರವೆಂದರೆ ಕೈತುಂಬ ಎತ್ತಿಕೊಂಡರೂ ಕೈ ಖಾಲಿ ಇದ್ದಂತೆ. ಉಗುರು ಊರಿದರೆ ಗುರುತು ಬೀಳುತ್ತದೆ. ಹಿಂದಿನ ಕೋಣೆಯಲ್ಲಿ ಹಳೆಯ ಬಾಗಿಲನ್ನು ಮೇಜು ಮಾಡಿ, ಅದರ ಮೇಲೆ ನಕ್ಷೆ ಹಾಸಿ, ಒಂದೊಂದೇ ತುಂಡು ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಅಂಟಿಸಿ ಅವರು ಅದನ್ನು ಕಟ್ಟುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಜನ ನೆಲ ಕಳೆದುಕೊಳ್ಳುತ್ತಿರುವಾಗ ನೀವು ಆಕಾಶ ನೋಡುತ್ತಿದ್ದೀರಿ ಎಂದು ಹಂಗಿಸುತ್ತಿದ್ದೆ. “ಸರಿ ನಾಯಕರೇ, ಆ ಉಪ್ಪುಕಾಗದ ಈ ಕಡೆ ಕೊಡಿ” ಎನ್ನುತ್ತಿದ್ದರು. ಕೊಡುತ್ತ ಕೊಡುತ್ತ ನಾನೇ ಉಜ್ಜಲು ಕೂತೆ. ರೆಕ್ಕೆಯ ಪಕ್ಕೆಲುಬುಗಳಲ್ಲಿ, ಅಂದರೆ ಅದಕ್ಕೆ ಆಕಾರ ಕೊಡುವ ಅಡ್ಡ ಹಲಗೆಗಳಲ್ಲಿ, ಅರ್ಧದಷ್ಟು ನಾನು ಉಜ್ಜಿದವು. “ಒಬ್ಬರ ಮೂಗಲ್ಲಿ ಡೀಸೆಲ್ಲು, ಇನ್ನೊಬ್ಬನ ಮೂಗಲ್ಲಿ ಮಸಿ ಇರ್ತಿತ್ತು. ಈಗ ಇಬ್ಬರ ಮೂಗಲ್ಲೂ ಮರದ ಪುಡಿ. ನನಗೆ ಯಾರು ಯಾರೂಂತಲೇ ಗೊತ್ತಾಗಲ್ಲ” ಎಂದು ಅಕ್ಕ ನಗುತ್ತಿದ್ದಳು.

ನಮ್ಮ ಮೈದಾನದ ಅರ್ಧಕ್ಕೆ ಕಂಟ್ರಾಕ್ಟರ್ ತಗಡಿನ ಬೇಲಿ ಹಾಕಿ ಮಳಿಗೆ ಕಟ್ಟಿಸುತ್ತಿರುವುದು ಠಾಣೆಗೆ ತಿಳಿದ ವಿಷಯ. (ಈ ಸ್ಥಳದಲ್ಲಿ ನಾನು ಬರೆದಿದ್ದ ಹನ್ನೊಂದು ಸಾಲನ್ನು ಹೆಡ್ ಕಾನ್‌ಸ್ಟೇಬಲ್ ಅವರ ಸೂಚನೆಯಂತೆ ಹೊಡೆದುಹಾಕಿದ್ದೇನೆ.) ಉಳಿದ ಅರ್ಧವನ್ನು ಉಳಿಸಿಕೊಳ್ಳಲು ಭಾನುವಾರ ಸಭೆ ಕರೆದಿದ್ದೆವು. ವಿಮಾನದಿಂದ ಕರಪತ್ರ ಉದುರಿಸಬೇಕೆಂಬುದು ನನ್ನ ಯೋಚನೆ. ಹೊಸ ವಿಮಾನವನ್ನು ಜನರಿರುವ ಕಡೆ ಬಿಡಬಾರದು ಎಂದು ಭಾವ ಒಪ್ಪಲಿಲ್ಲ. ಜನರಿಲ್ಲದ ಕಡೆ ಹಾರಿಸಿದರೆ ಆಟ, ಜನರ ನಡುವೆ ಹಾರಿಸಿದರೆ ಹೋರಾಟ ಎಂದು ನಾನು ವಾದಿಸಿದೆ. ಕೊನೆಗೆ ಅವರು ಎರಡು ಷರತ್ತು ಹಾಕಿದರು. ಶನಿವಾರ ಬೆಳಗ್ಗೆ ಒಣಗಿದ ಕೆರೆಯಂಗಳದಲ್ಲಿ ಒಮ್ಮೆ ಹಾರಿಸಿ ನೋಡಬೇಕು. ಸಭೆಯ ದಿನ ಮೈದಾನದ ಖಾಲಿ ಭಾಗದ ಮೇಲಷ್ಟೇ ಹಾರಬೇಕು, ಕಾಗದ ಗಾಳಿಗೆ ತೇಲಿ ಬಂದರೆ ಬರಲಿ.

ಮಂಗಳವಾರ ಮಧ್ಯಾಹ್ನ ನಾನು ಅಂಗಡಿಯಿಂದ ಕರಪತ್ರದ ಎರಡು ಕಟ್ಟು ಹೊತ್ತುಕೊಂಡು ಬಂದೆ. ಭಾವ ಡ್ಯೂಟಿಯಲ್ಲಿದ್ದರು. ಹಿಂದಿನ ಕೋಣೆಯ ಮೇಜಿನ ಮೇಲೆ, ಧೂಳು ಬೀಳದಂತೆ, ದಿನಪತ್ರಿಕೆ ಹೊದಿಸಿದ್ದರು. ಅದರ ಮೇಲೆ ಎರಡೂ ಕಟ್ಟನ್ನು ಇಳಿಸಿದೆ. ಕೆಳಗಿನಿಂದ ಬೆರಳು ನೆಟಿಗೆ ಮುರಿದಷ್ಟು ಸಣ್ಣ ಶಬ್ದ ಬಂತು. ಪತ್ರಿಕೆ ಎತ್ತಿ ನೋಡಿದಾಗ, ಎಡರೆಕ್ಕೆಯ ಉದ್ದಕ್ಕೂ ಬೆನ್ನುಮೂಳೆಯಂತೆ ಹೋಗುವ ಮುಖ್ಯ ಪಟ್ಟಿ, ಬುಡದಿಂದ ಸುಮಾರು ಒಂದು ಗೇಣು ದೂರದಲ್ಲಿ, ಸೀಳಿತ್ತು.

ಇಂಥದ್ದು ಆದರೆ ಮಾಡಬೇಕಾದ್ದು ನನಗೆ ಗೊತ್ತಿತ್ತು. ಸೀಳಿನ ಎರಡೂ ಮಗ್ಗುಲಿಗೆ ಗಟ್ಟಿ ಮರದ ಪಟ್ಟಿ ಕೊಟ್ಟು, ಬಿಳಿ ಅಂಟು ಹಾಕಿ, ಒತ್ತಿ ಕಟ್ಟಿ ಒಣಗಲು ಬಿಡಬೇಕು. ಅದಕ್ಕೆ ನಡುವಿನ ಪಕ್ಕೆಲುಬುಗಳನ್ನು ಬಿಚ್ಚಬೇಕು. ಭಾನುವಾರದೊಳಗೆ ಆಗುವ ಕೆಲಸವಲ್ಲ. ಹೇಳಿದರೆ ಭಾವ ಬೈಯುತ್ತಿರಲಿಲ್ಲ. ಹಾರಿಸುತ್ತಲೂ ಇರಲಿಲ್ಲ. ಕ್ಷಣದಲ್ಲಿ ಹಿಡಿಯುವ ತೆಳು ಅಂಟನ್ನು ಸೀಳಿನೊಳಗೆ ಹನಿಸಿ, ಉಸಿರು ಬಿಗಿಹಿಡಿದು ಒತ್ತಿಕೊಂಡು ಕೂತೆ. ಆಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸಿ, ರೆಕ್ಕೆಗೆ ಹೊದಿಸಲು ತಂದಿಟ್ಟಿದ್ದ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿಬಿಟ್ಟೆ. ಬಿಸಿ ತಾಗಿದ ಹಾಳೆ ಕುಗ್ಗಿ ಬಿಗಿಯಾಗಿ, ಸೀಳು ಕಾಣದಾಯಿತು. ಹಿಂದೆ ಇದೇ ಕಂಟ್ರಾಕ್ಟರ್ ಕಟ್ಟಿಸಿದ ಗೋಡೆ ಕುಸಿದಾಗ, ಬಿರುಕು ಗೊತ್ತಿದ್ದೂ ಬಣ್ಣ ಬಳಿದವನೇ ಅಪರಾಧಿ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಹಂಚಿದವನು ನಾನು.

ಸಂಜೆ ಭಾವ ಬಂದು ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಒಂದು ಸುಕ್ಕಿಲ್ವಲ್ಲೋ! ನನಗೇ ಇಷ್ಟು ನೀಟಾಗಿ ಬರ್ತಿರ್ಲಿಲ್ಲ” ಎಂದು ಅಕ್ಕನನ್ನು ಕರೆದು ತೋರಿಸಿದರು. ನಾನು ನಕ್ಕೆ.

ಶನಿವಾರ ಅವರಿಗೆ ಡಬಲ್ ಡ್ಯೂಟಿ ಬಿತ್ತು, ಕೆರೆಯಂಗಳಕ್ಕೆ ಹೋಗಲಾಗಲಿಲ್ಲ. ಡಿಪೋದಿಂದ ಫೋನ್ ಮಾಡಿ, ಕೊನೆಯ ಪಕ್ಷ ತೂಕದ ಪರೀಕ್ಷೆಯನ್ನಾದರೂ ಮಾಡಿಡು ಎಂದರು. ಅಂದರೆ ಬ್ಯಾಟರಿ, ಕರಪತ್ರ ಎಲ್ಲ ತುಂಬಿದ ವಿಮಾನವನ್ನು ಎರಡು ರೆಕ್ಕೆಗಳ ತುದಿಯಲ್ಲಿ ಮಾತ್ರ ಹಿಡಿದು ಮೇಲೆತ್ತಬೇಕು. ಗಾಳಿಯಲ್ಲಿ ತಿರುಗುವಾಗ ರೆಕ್ಕೆಯ ಮೇಲೆ ಬೀಳುವ ಭಾರ ತಡೆಯುತ್ತದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯುತ್ತದೆ. “ಹತ್ತು ಸಲ ಎತ್ತು. ಅಕ್ಕನ್ನ ಒಂದು ಕಡೆ ಹಿಡಿಯೋಕೆ ಕರ್ಕೋ” ಎಂದರು. ನಾನು ಅಕ್ಕನನ್ನು ಕರೆಯಲಿಲ್ಲ. ಕೈ ಚಾಚಿ ಒಬ್ಬನೇ ಒಂದು ಸಲ ಎತ್ತಿದೆ. ಕರಕ್ ಎಂದಿತು. ಇಳಿಸಿಬಿಟ್ಟೆ. ಫೋನ್ ಮಾಡಿ, ಹತ್ತು ಸಲ ಆಯಿತು ಭಾವ, ಕಲ್ಲಿನಂತಿದೆ ಎಂದು ಹೇಳಿದೆ.

ಭಾನುವಾರ ಸಂಜೆ ಐದಕ್ಕೆ ಸಭೆ ಶುರುವಾಯಿತು. ಸುಮಾರು ಇನ್ನೂರು ಜನ ಜಮಖಾನೆಗಳ ಮೇಲೆ ಕೂತಿದ್ದರು. ಅಕ್ಕ ಎರಡನೇ ಸಾಲಿನಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಇದ್ದಳು. ಭಾವ ಖಾಲಿ ಭಾಗದಲ್ಲಿ ನಿಂತು ವಿಮಾನ ಎಬ್ಬಿಸಿದರು. ಅದು ಚೆನ್ನಾಗಿ ಹಾರಿತೆಂದು ಬರೆಯಲೇಬೇಕು. ಎರಡು ಸುತ್ತು ಬಂದಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. “ನೋಡ್ರೀ, ನಮ್ಮ ಪೈಲಟ್ಟು!” ಎಂದು ಡಿಪೋದವರು ಕೂಗಿದರು. ಭಾವನ ಮುಖ ನನಗೆ ದೂರದಿಂದ ಕಾಣುತ್ತಿತ್ತು. ಅವರು ಬಾಯಿ ತೆರೆದುಕೊಂಡಿದ್ದರು. ನನ್ನ ಕೈಯಲ್ಲಿ ಮೈಕ್ ಇತ್ತು. ಜನರ ಮೇಲೆ ಬನ್ನಿ ಭಾವ, ಜನರ ಮೇಲೆ ಎಂದು ಮೈಕಿನಲ್ಲೇ ಕರೆದೆ. ಅವರು ತಲೆಯಾಡಿಸಿ ಬೇಡವೆಂದರು. ಜನರೂ ಕೂಗತೊಡಗಿದರು. ಮೂರನೇ ಸುತ್ತಿಗೆ ಅವರು ವಿಮಾನವನ್ನು ಈ ಕಡೆ ತಿರುಗಿಸಿದರು. ಕರಪತ್ರ ಉದುರಿದವು. ಕೂಡಲೇ ಹಿಂದಕ್ಕೆ ಒಯ್ಯಲು ಜೋರಾಗಿ ಹೊರಳಿಸಿದಾಗ ಎಡರೆಕ್ಕೆ ಪುಸ್ತಕ ಮುಚ್ಚಿದಂತೆ ಮಡಚಿತು.

ಆಗ ವಿಮಾನ ನೀರಿನ ಟ್ಯಾಂಕಿನ ಎತ್ತರದಲ್ಲಿತ್ತು, ಅಂದರೆ ಅರುವತ್ತು ಅಡಿ. ಅಜ್ಜಿಯ ತಲೆಗೆ ಅಡ್ಡವಾಗಿ ಅಕ್ಕ ಬಲಗೈ ಎತ್ತಿದಳು. ಮೋಟರಿನ ಭಾಗ ಅವಳ ಮಣಿಕಟ್ಟಿಗೆ ಬಡಿಯಿತು, ಮೂಳೆ ಮುರಿಯಿತು. ಅಕ್ಕ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ.

ಅದೇ ಗಳಿಗೆಯಲ್ಲಿ ತಗಡಿನ ಬೇಲಿಯ ಬಳಿ ಕಂಟ್ರಾಕ್ಟರನ ವಾಚ್‌ಮನ್ ತನ್ನ ಊಟದ ಡಬ್ಬಿ ಎಳೆಯುತ್ತಿದ್ದ ನಾಯಿಗೆ ಕಲ್ಲು ಬೀಸಿದ್ದನ್ನು ನಾನು ನೋಡಿದ್ದೆ. ನಾಯಿಯನ್ನೂ ನೋಡಿದ್ದೆ. ಅಕ್ಕನ ಕೂಗು ಕೇಳುವ ಮೊದಲೇ ನಾನು ಮೈಕಿನಲ್ಲಿ, ಕಲ್ಲು ಹೊಡೆದರು, ಕಂಟ್ರಾಕ್ಟರನ ಕಡೆಯವರು ಕಲ್ಲು ಹೊಡೆದರು ಎಂದು ಕೂಗಿದೆ. ಜನ ನುಗ್ಗಿದರು. ವಾಚ್‌ಮನ್ ಅವರ ಅಂಗಿ ಹರಿದು, ಕನ್ನಡಕ ಒಡೆದು ಎಳೆದುಕೊಂಡು ಬಂದರು. ಅವರು ನಾಯಿ, ನಾಯಿ ಎನ್ನುತ್ತಲೇ ಇದ್ದರು. ನಾಯಿ ಎಂದು ನಮ್ಮನ್ನೇ ಬೈಯುತ್ತಿದ್ದಾನೆ ಎಂದು ಯಾರೋ ಹೇಳಿದಾಗ ನಾನು ತಿದ್ದಲಿಲ್ಲ. ದೂರಿನಲ್ಲಿ ಬೇಲಿಗೂ ವಿಮಾನಕ್ಕೂ ಹತ್ತು ಮೀಟರ್ ದೂರ, ವಿಮಾನ ಹದಿನೈದು ಅಡಿ ಎತ್ತರದಲ್ಲಿತ್ತು ಎಂದು ಬರೆಸಿದೆ. ನಿಜವಾದ ದೂರ ಎಂಬತ್ತು ಮೀಟರಿಗೆ ಕಡಿಮೆ ಇಲ್ಲ. ಅಷ್ಟು ದೂರ, ಅಷ್ಟು ಎತ್ತರಕ್ಕೆ ಯಾರ ಕೈಯ ಕಲ್ಲೂ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಭಾವ, “ಕಲ್ಲು ತಾಗಿದ್ರೆ ಹಾಳೇಲಿ ತೂತಿರ್ಬೇಕಲ್ವೇನೋ?” ಎಂದು ಒಮ್ಮೆ ಕೇಳಿದರು. ಬಿದ್ದಾಗ ಹರಿದಿರುತ್ತದೆ ಎಂದೆ.

ಇಂದು ಬೆಳಗ್ಗೆ ಎಂಟರ ಸುಮಾರಿಗೆ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದರು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟಿದ್ದರು. “ಬಡವರ ಪರ ಬರೀತಾರಲ್ಲ, ಆ ಕರಪತ್ರದಣ್ಣ ನೀವೇನಾ?” ಎಂದು ಕೇಳಿದರು. ಹೌದೆಂದೆ. ತನ್ನ ಗಂಡ ವಾಚ್‌ಮನ್ ಕೆಲಸದವರು, ಯಾರೋ ಸುಳ್ಳು ದೂರು ಕೊಟ್ಟು ಹಿಡಿಸಿದ್ದಾರೆ, ಕಂಟ್ರಾಕ್ಟರ್ ಕಡೆಯವರನ್ನು ಕೇಳಿದರೆ ನಮಗೆ ಸಂಬಂಧವಿಲ್ಲ ಎನ್ನುತ್ತಾರೆ, ನೀವು ಒಂದು ಕರಪತ್ರ ಬರೆದರೆ ಜನ ಕೇಳುತ್ತಾರಂತೆ ಎಂದರು. “ಅವರಿಗೆ ಎದುರು ಮಾತಾಡೋಕೇ ಬರಲ್ಲ ಅಣ್ಣಾ. ನೀವು ಚೆನ್ನಾಗಿ ಬಿಸಿ ಬಿಸಿಯಾಗಿ ಬರೀರಿ” ಎಂದರು. ದೂರು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಬೇಕಿತ್ತು. ಕಾಗದ ತೆಗೆದುಕೊಂಡು, ‘ಅಮಾಯಕ ಕಾರ್ಮಿಕನ ಮೇಲೆ’ ಎಂದು ಬರೆದೆ. ಮುಂದೆ ಬರೆಯಲಾಗಲಿಲ್ಲ. ಸಂಜೆಯೊಳಗೆ ಕೊಡುತ್ತೇನೆಂದೆ. ಅವರು ಕೈಮುಗಿದು ಹೋದರು. ನಾನು ಅದೇ ಸಾಲಿನ ಮೇಲೆ ಪೆನ್ನು ಊರಿಕೊಂಡು ಕೂತೆ.

ಒಳಗಿನಿಂದ ಅಕ್ಕ, “ಯಾಕೋ, ಕೈ ನಿಂತೋಯ್ತು? ಮುರಿದಿರೋದು ನನ್ನ ಕೈ, ನಿಂದಲ್ವಲ್ಲ” ಎಂದಳು. ಆಗ ಅವಳಿಗೂ, ಡ್ಯೂಟಿಗೆ ಹೊರಟಿದ್ದ ಭಾವನಿಗೂ ಎಲ್ಲವನ್ನೂ ಹೇಳಿದೆ. ಅಕ್ಕ ಮುಖ ತಿರುಗಿಸಿ ಮಲಗಿದಳು. ಭಾವ ಹಿಂದಿನ ಕೋಣೆಗೆ ಹೋಗಿ, ಅವಶೇಷದಿಂದ ಮುಖ್ಯ ಪಟ್ಟಿಯ ತುಂಡನ್ನು ಬಿಡಿಸಿ ತಂದರು. ಮುರಿದ ಬಾಯಿಯಲ್ಲಿ ಅಂಟು ಗಾಜಿನಂತೆ ಹೊಳೆಯುತ್ತಿತ್ತು. “ಹತ್ತು ಸಲ ಎತ್ತಿದೆ ಅಂದ್ಯಲ್ಲೋ” ಎಂದರು. ತುಂಡನ್ನು ನನ್ನ ಕೈಯಲ್ಲಿಟ್ಟು ಡ್ಯೂಟಿಗೆ ಹೋದರು. ಅದನ್ನು ಈ ಹೇಳಿಕೆಯ ಜೊತೆ ಹಾಜರುಪಡಿಸಿದ್ದೇನೆ. ಭಾವನಿಗೆ ಸೀಳಿನ ವಿಷಯ ಹಾರಿಸುವಾಗ ಗೊತ್ತಿರಲಿಲ್ಲ. ಅವರ ಮೇಲೆ ಯಾವ ಕ್ರಮವೂ ಬೇಡ. ಆಗಬೇಕಾದ್ದು ನನ್ನ ಮೇಲೆ ಆಗಲಿ.

ಇಷ್ಟು ಬರೆದ ಮೇಲೆ, ನನ್ನ ಕೋರಿಕೆಯಂತೆ, ಹೆಡ್ ಕಾನ್‌ಸ್ಟೇಬಲ್ ಅವರು ವಾಚ್‌ಮನ್ ಅವರನ್ನು ಹೊರಗೆ ಕರೆಸಿ ಇದನ್ನು ಅವರೆದುರು ಗಟ್ಟಿಯಾಗಿ ಓದಿದರು. ಅವರು ಒಂದೇ ಗಾಜು ಉಳಿದ ಕನ್ನಡಕವನ್ನು ಕೈಯಲ್ಲಿ ಹಿಡಿದು ನಿಂತು ಕೇಳಿದರು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ತಡೆದು, “ಅದಿರ್ಲಿ ತಮ್ಮಾ. ನಮ್ಮ ಸೂಪರ್‌ವೈಸರು ಪೊಲೀಸ್ ಕಾಗದ ಎಲ್ಲ ಓದಲ್ಲ. ನೀನೇ ಗೇಟಿಗೆ ಬಂದು ಅವರೆದುರು ಹೇಳ್ಬೇಕು. ಇಲ್ದಿದ್ರೆ ನನ್ನ ಕೆಲಸ ಹೋಯ್ತು” ಎಂದರು. ತಗಡಿನ ಬೇಲಿಯ ಆ ಗೇಟಿನೊಳಗೆ ನಮ್ಮಲ್ಲಿ ಯಾರೂ ಕಾಲಿಡುವುದಿಲ್ಲ, ಅವರೆದುರು ತಲೆ ತಗ್ಗಿಸುವುದಿಲ್ಲ ಎಂದು ನಾನು ಬರೆದು ಹಂಚಿದ್ದೇನೆ. ನಾಳೆ ಎಂಟಕ್ಕೆ ಬರುತ್ತೇನೆಂದೆ. “ಎಂಟಕ್ಕೆ ಹಾಜರಿ ಮುಗಿದಿರತ್ತೆ. ಏಳೂವರೆಗೆ ಬಾ” ಎಂದರು. ಏಳೂವರೆಗೆ ಹೋಗುತ್ತೇನೆ.

ಮೇಲೆ ಬರೆದಿರುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಓದಿ ನೋಡಿದ್ದೇನೆ, ಎಲ್ಲವೂ ನಿಜ. ನಿನ್ನೆಯ ದೂರಿನ ಕೆಳಗೂ ಇದೇ ಮಾತನ್ನು ಬರೆದು ಸಹಿ ಹಾಕಿದ್ದೆ.

ಸ್ಥಳ: ಠಾಣೆಯ ಬರಹದ ಕೋಣೆ
ದಿನ: ಸೋಮವಾರ, ಮಧ್ಯಾಹ್ನ
ಸಹಿ: ಹೇಳಿಕೆ ಕೊಟ್ಟವನು