ಕೋಗಿಲಿನಿಂದ ಬಂದ ಮೊದಲ ಆರ್ಡರ್

ಗೆಳತಿ ರಕ್ಷಾ ಬರೆದ ಕೊಕ್ಕರೆ ಚಿತ್ರ ಟೀ ಶರ್ಟಿನ ಮೇಲೆ ಆನ್‌ಲೈನ್ ಮಾರಾಟಕ್ಕೆ ಬಂದಾಗಿನಿಂದ ಪ್ರತಿಭಾಳ ಹೊಟ್ಟೆಯುರಿಗೆ ಹೆಬ್ಬಾಳ ಕೆರೆಯೇ ಕುದಿಯುತ್ತಿತ್ತು ಎಂದರೆ ನಂಬಿ. ಬಸ್ ಸ್ಟಾಪಿನಲ್ಲೂ ರಕ್ಷಾಳದು ಅದೇ ಮಾತು.

“ಆರ್ಡರ್ ಬಂದ್ಮೇಲೇನೇ ಪ್ರಿಂಟ್ ಹಾಕ್ತಾರೆ ಕಣೇ. ಮೊದಲ್ನೇದು ಹೋದ ತಿಂಗಳೇ ಬಂತು!”

“ನಿಮ್ಮಮ್ಮನೇ ತಗೊಂಡಿರ್ತಾರೆ ಬಿಡು.”

“ಇಲ್ವೇ, ಕೋಗಿಲಿಂದ. ನಿಮ್ಮ ಏರಿಯಾನೇ!”

ಬಣ್ಣ ಬಿಡುತ್ತದೆಂದು ಊರಿಗೆಲ್ಲ ಸಾರಲೆಂದೇ ಆ ಶರ್ಟನ್ನು ತಮ್ಮನ ಹೆಸರಿನಲ್ಲಿ ತರಿಸಿ, ಬಂಡೆಯೂ ಸವೆಯುವಂತೆ ಒಗೆದವಳು ಪ್ರತಿಭಾಳೇ. ಕೊಕ್ಕರೆಯ ಒಂದು ಗರಿಯೂ ಮಾಸಿರಲಿಲ್ಲ.

“ಒಗೆದ್ರೆ ಬಣ್ಣ ಹೋಗುತ್ತೆ, ನೋಡ್ತಿರು.”

“ಅಯ್ಯೋ, ತಗೊಂಡವ್ರೇ ಐದು ಸ್ಟಾರ್ ಕೊಟ್ಟು ಬರ್ದಿದಾರೆ. ನಮ್ಮಕ್ಕ ಬಿಸಿನೀರಲ್ಲಿ ಉಜ್ಜಿದ್ರೂ ಬಣ್ಣ ಹೋಗ್ಲಿಲ್ಲ ಅಂತ!”

“ಅವ್ನಿಗೆ ಯಾರು ಬರಿ ಅಂದಿದ್ದು?”

“ಯಾವನಿಗೆ?”

ಬಂದು ನಿಂತ ಬಸ್ಸು ಯಶವಂತಪುರಕ್ಕೋ ಮಂಗಳಗ್ರಹಕ್ಕೋ ಎಂದೂ ನೋಡದೆ ಪ್ರತಿಭಾ ಹತ್ತಿಬಿಟ್ಟಳು.